ಗೂಟದ ಮೇಲಿನ ಅಂಗಿ

ಸತ್ತು ಮಣ್ಣಾಗಿ ನಾಲ್ಕು ವರ್ಷ ಕಳೆದಿದ್ದ ದೊಡ್ಡಬೀರಯ್ಯನಿಗೆ ನನ್ನ ಕೈಯಾರೆ ಮೂರು ಗ್ಲಾಸು ಬ್ರಾಂದಿ ಕುಡಿಸಿದವನು ನಾನು. ಮೂರನೇ ಗ್ಲಾಸಿಗೆ ನೀರು ಜಾಸ್ತಿ ಆಯಿತು ಅಂತ ನನ್ನನ್ನು ಬೈದ ಕೂಡ. ಬದುಕಿರುವವರಿಗೆ ಯಾರು ಬೇಕಾದರೂ ಕುಡಿಸುತ್ತಾರೆ, ಅದರಲ್ಲೇನು ಬಂತು? ಸತ್ತವನನ್ನು ಕರೆಸಿ, ಚಾಪೆ ಹಾಸಿ, ಕೂರಿಸಿ, ಕುಡಿಸಿ, ಮರ್ಯಾದೆಯಾಗಿ ವಾಪಸು ಕಳಿಸಿದವನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ತಾಲ್ಲೂಕಿಗೂ ಸೇರಿ ನಾನೊಬ್ಬನೇ. ಸರಗೂರನ್ನು ಬೇರೆ ತಾಲ್ಲೂಕು ಮಾಡಿದ ಮೇಲೆ ಐದು ಅಂತಲೂ ಹೇಳಿಕೊಳ್ಳಬಹುದು.

ನನ್ನ ಹೆಸರು ಸ್ವಾಮಿ. ಬಿಳಿಕೆರೆಯಲ್ಲಿ ಬಸ್ಸಿಳಿದು ಬರೀ ಸ್ವಾಮಿ ಅಂದರೆ ಯಾರಿಗೂ ಗೊತ್ತಾಗೋದಿಲ್ಲ, ಬಂಡಲ್ ಸ್ವಾಮಿ ಅಂತ ಕೇಳಬೇಕು. ಲಗೇಜ್ ಆಟೊ ಇದೆ. ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪಿನ ಬೇಲು ತುಂಬಿಕೊಂಡು ಹುಣಸೂರಿನ ಹರಾಜಿಗೆ ಹಾಕುತ್ತೇನೆ. ಕೋಟೆ ಕಡೆ ಕಾಡಂಚಿನ ರಸ್ತೆಯಲ್ಲಿ ಒಂದು ಸಲ ಒಂಟಿ ಸಲಗ ಅಡ್ಡ ನಿಂತಿತ್ತು. ಒಂದೇ ಒಂದು ಹಾರನ್ ಹೊಡೆದೆ. ಪಕ್ಕಕ್ಕೆ ಸರಿದು, ಸೊಂಡಿಲು ಎತ್ತಿ ಸಲಾಮು ಹೊಡೆದು, ದಾರಿ ಬಿಟ್ಟಿತು. ನಂಬದಿದ್ದರೆ ಬಿಡಿ. ಆ ಆನೆಯನ್ನೇ ಕೇಳಿ.

ದೊಡ್ಡಬೀರಯ್ಯನ ಕತೆಯನ್ನು ಮಾತ್ರ ನಾನು ಒಂದು ವರ್ಷ ಬಿಡುವಿಲ್ಲದೆ ಹೇಳಿದ್ದೇನೆ. ಹರಾಜು ಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ, ಪಂಕ್ಚರ್ ಹಾಕಿಸುವಾಗ. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕಿದ್ದಾರೆ, ಕೆಲವರು ಕೈಮುಗಿದೂ ಇದ್ದಾರೆ. ನಗದೇ ಇದ್ದವರು ಇಬ್ಬರೇ. ಒಬ್ಬಳು ನನ್ನ ಸ್ವಂತ ಅಕ್ಕ ಯಶೋದಮ್ಮ. ಇನ್ನೊಬ್ಬಳು ಅವಳ ಮಗಳು ಪವಿತ್ರಾ. ಯಾಕೆಂದರೆ ದೊಡ್ಡಬೀರಯ್ಯ ಅವತ್ತು ಬಂದು ಕೂತಿದ್ದು ಅವನ ಮಗನ ಮೈಮೇಲೆ. ಆ ಮಗ ಶಿವಣ್ಣ ಅಂದರೆ ನನ್ನ ಅಕ್ಕನ ಗಂಡ, ನನ್ನ ಭಾವ. ಅವತ್ತು ಮಲಗಿದವನು ಮತ್ತೆ ಏಳಲಿಲ್ಲ.

ಊರವರು ಇದನ್ನು ಸಣ್ಣದು ಮಾಡಿಕೊಂಡರು. 'ಶಿವಣ್ಣ ಸಾಯೋವಾಗ್ಲೂ ಎಣ್ಣೆ ಕೇಳ್ಕೊಂಡೇ ಸತ್ತ' ಅಂದರು. ಅಕ್ಕ ಸೊಸೈಟಿಗೆ ಹೋದರೆ ಹಿಂದಿನಿಂದ ಆ ಮಾತು, ನಲ್ಲಿ ಹತ್ತಿರ ನಿಂತರೆ ಆ ಮಾತು. ಅವಳು ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ನಾನು ಸಿಕ್ಕಾಗಲೆಲ್ಲ ನನ್ನನ್ನು ಮಾತ್ರ ಕೇಳುತ್ತಿದ್ದಳು.

"ಲೋ ಸ್ವಾಮಿ, ನೀನೇ ಪಕ್ಕದಲ್ಲಿ ಕೂತಿದ್ದೋನು. ನಿಮ್ ಭಾವ ಕೊನೇಲಿ ನಿಜ್ವಾಗ್ಲೂ ಎಣ್ಣೇನೇ ಕೇಳುದ್ರಾ?"

"ಅದು ಭಾವ ಅಲ್ಲ ಕಣಕ್ಕ, ನಿಮ್ಮ ಮಾವ. ಮುದುಕ ಕೇಳಿದ್ದು."

"ಯಾರಾದ್ರೂ ಆಗ್ಲಿ. ಆ ಬಾಯಲ್ಲಿ ಬಂದಿದ್ದು ಎಣ್ಣೆ ಅಂತ್ಲೇನಾ?"

"ಊಂ ಕಣಕ್ಕ."

ಅಕ್ಕ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು. ಮುಂದಿನ ಸಲ ಸಿಕ್ಕಾಗ ಮತ್ತೆ ಅದನ್ನೇ ಕೇಳುತ್ತಿದ್ದಳು.

ಭಾವನ ವಿಷಯ ಸ್ವಲ್ಪ ಹೇಳಬೇಕು. ಕೆ.ಆರ್. ನಗರದ ಈಚೆಗೆ, ಹೊಳೆ ಬಯಲಿನ ಕಬ್ಬಿನ ಗದ್ದೆಗಳ ನಡುವೆ ಒಂದು ಆಲೆಮನೆ. ಅಲ್ಲಿ ಬೆಲ್ಲದ ಪಾಕ ನೋಡುವ ಕೆಲಸ ಅವನದು. ಅವನು ಕೊಪ್ಪರಿಗೆ ಮೇಲೆ ಬಗ್ಗಿ ಒಂದು ಸಲ ಮೂಸಿದರೆ ಸಾಕು, ಎಷ್ಟು ಅಚ್ಚು ಬೆಲ್ಲ ಬೀಳುತ್ತೆ, ಅದನ್ನು ಯಾವ ಊರಿನ ಇರುವೆ ತಿನ್ನುತ್ತೆ ಅಂತ ಹೇಳುತ್ತಿದ್ದ. ಇದರಲ್ಲಿ ಇರುವೆಯದು ಮಾತ್ರ ನಾನು ಸೇರಿಸಿದ್ದು. ಅಂಥವನಿಗೇ ಸಕ್ಕರೆ ಕಾಯಿಲೆ ಬಂತು. ದಿನಕ್ಕೆ ಸಾವಿರ ಕೆಜಿ ಬೆಲ್ಲದ ಮುಂದೆ ನಿಂತು ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಬೆಲ್ಲದ ಹೊಗೆ ಮೂಗಿನಿಂದ ಹೋಗಿ ರಕ್ತಕ್ಕೆ ಸೇರಿದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ವಾಸಿಯಾಗುತ್ತೆ ಅಂತ ನಾನೇ ಹಬ್ಬಿಸಿದ್ದೆ. ಪಾಪ, ನಾಲ್ಕು ದಿನ ಕಟ್ಟಿಕೊಂಡೂ ನಿಂತಿದ್ದ.

ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ. ನುಂಗಿದ ಮೇಲೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಹೆಂಡ ಬ್ರಾಂದಿ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದರಂತೆ. ಭಾವ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜಾತಿ. ಹಬ್ಬಕ್ಕೆ ಒಂದು ಗುಟುಕು ಹಾಕುತ್ತಿದ್ದವನು ಅದನ್ನೂ ಬಿಟ್ಟ. ಆರು ವರ್ಷ ಬಿಟ್ಟಿದ್ದ. ಅಂಗಿ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟುಕೊಂಡೇ ಓಡಾಡುತ್ತಿದ್ದ. ಅದನ್ನು ಒಂದು ಸಲ ನನಗೆ ಬಿಚ್ಚಿ ತೋರಿಸಿದ್ದ. ಅದರ ಮಾತು ಈಗ ಬೇಡ.

ಮಾತ್ರೆ ನನಗೂ ಇದೆ, ಬಿಪಿಯದು. ಹನ್ನೊಂದು ವರ್ಷದಿಂದ ನೀರು ಮುಟ್ಟಿಲ್ಲ, ಬ್ರಾಂದಿಯಲ್ಲೇ ನುಂಗುತ್ತೇನೆ. ಮೈಸೂರಿನ ದೊಡ್ಡ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಇದು ಹದಿನೆಂಟು ವರ್ಷದವನ ಬಿಪಿ, ಯಾರದು ಕದ್ದುಕೊಂಡು ಬಂದೆ ಅಂತ ಕೇಳಿದರು. ಇದನ್ನು ಭಾವನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷದ ಪಕ್ಷದ ಹಬ್ಬ. ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಅವರವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆ ಮೇಲೆ ಬರಬೇಕು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಬೀಡಿ ಸೇದುತ್ತಿದ್ದರೆ ಬೀಡಿ. ದೊಡ್ಡಬೀರಯ್ಯನಿಗಾದರೆ ಬ್ರಾಂದಿ. ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಒಳಗೆ ಸತ್ತವರು ಉಣ್ಣುತ್ತಾರೆ. ಆಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಲ್ಲಿಯ ತನಕ ಹಿರೀ ಮಗ ಉಪವಾಸ.

ಬಾಡು, ಬಾಟಲಿ ಎರಡನ್ನೂ ತರುವ ಜವಾಬ್ದಾರಿ ನನ್ನದು. ಹನ್ನೊಂದು ಗಂಟೆಗೆ ತರುತ್ತೇನೆ ಅಂದಿದ್ದೆ. ದಾರಿಯಲ್ಲಿ ಆಟೊದ ಮೂರು ಟೈರೂ ಒಟ್ಟಿಗೆ ಪಂಕ್ಚರ್ ಆದವು. ಒಂದೇ ಮೊಳೆ, ಮೂರು ಟೈರು. ಹಾಗಾಗಿ ಮನೆ ಮುಟ್ಟಿದಾಗ ಎರಡು ಗಂಟೆ. ಬಾಡು ಬೇಯಬೇಕು, ಸಾರು ಕುದಿಯಬೇಕು. ಎಡೆ ಇಡುವಾಗ ನಾಲ್ಕೂವರೆ ಆಗಿತ್ತು. ಭಾವ ಬೆಳಿಗ್ಗೆ ತಣ್ಣೀರು ಹೊಯ್ದುಕೊಂಡು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಒಗೆದ ಪಂಚೆ ಉಟ್ಟು ಕೂತಿದ್ದವನು ಹಾಗೇ ಕೂತಿದ್ದ. ಹೊಟ್ಟೆಯಲ್ಲಿ ಇದ್ದದ್ದು ಬೆಳಗಿನ ಮಾತ್ರೆ, ಒಂದು ಲೋಟ ನೀರು.

ಬಾಗಿಲು ತಟ್ಟಿ ಒಳಗೆ ಹೋದೆವು. ಹೆಂಗಸರು ಹಿತ್ತಲಲ್ಲಿ ಎಲೆ ತೊಳೆಯಲು ಹೋದರು. ಗಂಡಸರು ಹತ್ತು ಹನ್ನೆರಡು ಜನ ನಡುಮನೆಯಲ್ಲಿ ಕೂತೆವು. ಎಡೆಯ ಮುಂದಿನ ಬಾಟಲಿಯದು ಮೊದಲ ಗ್ಲಾಸು ಹಿರೀ ಮಗನಿಗೇ ಹೋಗಬೇಕು. ಹೊಯ್ಯುವವನು ನಾನು.

"ಬ್ಯಾಡ ಕಣ್ಲಾ ಸ್ವಾಮಿ. ಮಾತ್ರೆ ನುಂಗಿವ್ನಿ" ಅಂದ ಭಾವ.

"ನಾನೂ ನುಂಗಿವ್ನಿ. ನೋಡು ಎಂಗಿವ್ನಿ ಅಂತ. ಕಲ್ಲು ಗುದ್ದುದ್ರೆ ಕಲ್ಲು ಅಳ್ತದೆ."

"ನಿಂದು ಬೇರೆ, ನಂದು ಬೇರೆ. ಡಾಕ್ಟ್ರು ಬ್ಯಾಡ ಅಂದವ್ರೆ."

"ಡಾಕ್ಟ್ರು ಏನು ನಿಮ್ಮಪ್ಪನ್ನ ನೋಡಿದ್ನಾ? ಇದು ಎಣ್ಣೆ ಅಲ್ಲ ಭಾವ, ಎಡೆ. ನೀನು ಮುಟ್ಟಲಿಲ್ಲ ಅಂದ್ರೆ ಮುದುಕ ಬಾಗ್ಲಲ್ಲೇ ನಿಂತ್ಕತಾನೆ. ಮುಂದಿನ್ ವರ್ಷದ ಗಂಟ ಅಲ್ಲೇ ನಿಂತಿರ್ತಾನೆ, ಪಾಪ, ಕಾಲು ನೋಯಲ್ವಾ?"

ಎಲ್ಲರೂ ನಕ್ಕರು. ಪಕ್ಕದ ಮನೆಯ ಪುಟ್ಟಮಲ್ಲಪ್ಪ, ಊರಿಗೆ ದೊಡ್ಡವನು, ದೊಡ್ಡಬೀರಯ್ಯನ ಜೊತೆಗಾರ. ಅವನೂ ಅಂದ, "ಒಸಿ ತಗೊಳಪ್ಪ ಶಿವಣ್ಣ. ಅಪ್ಪನ ಹೆಸರಲ್ಲಿ ಒಂದು ಗುಟುಕು. ಏನೂ ಆಗಲ್ಲ."

ಭಾವ ಕಣ್ಣುಮುಚ್ಚಿ ಕುಡಿದ. ಗ್ಲಾಸು ಕೆಳಗಿಡುವುದರೊಳಗೆ ನಾನು ಇನ್ನೊಂದು ಹೊಯ್ದಿದ್ದೆ. ಅಪ್ಪನ ಒಂದು ಕಾಲಿಗೆ ಆಯಿತು, ಇನ್ನೊಂದು ಕಾಲಿಗೆ ಬೇಡವಾ ಅಂದೆ. ಅದನ್ನೂ ಕುಡಿದ.

ಅರ್ಧ ಗಂಟೆ ಆಗಿರಬೇಕು. ಭಾವನ ಹಣೆಯಲ್ಲಿ ಬೆವರು ಹನಿಯಿತು. ಆಮೇಲೆ ಎದೆ, ಬೆನ್ನು, ತೋಳು, ನೀರು ಹುಯ್ದ ಹಾಗೆ. ಕೈ ನಡುಗಲು ಶುರುವಾಯಿತು. ಕಣ್ಣು ಎಲ್ಲೋ ನಿಂತಿದೆ, ಮಾತು ತೊದಲುತ್ತಿದೆ. ದೊಡ್ಡಬೀರಯ್ಯನಿಗೂ ಕಡೆಗಾಲದಲ್ಲಿ ಕೈ ಹೀಗೇ ನಡುಗುತ್ತಿತ್ತು. ನನಗೆ ಅದು ನೆನಪಾಗಿದ್ದೇ ತಡ, ಬಾಯಿ ಸುಮ್ಮನಿರಲಿಲ್ಲ.

"ಬಂದ! ಬೀರಯ್ಯ ಬಂದ ಕಣ್ರಪ್ಪೋ! ಮಗನ ಮೈಮೇಲೆ ಬಂದವ್ನೆ!"

ನಗುತ್ತಿದ್ದವರು ನಗು ನಿಲ್ಲಿಸಿದರು. ಒಬ್ಬ ಎದ್ದು ಕರ್ಪೂರ ಹಚ್ಚಿದ. ಪುಟ್ಟಮಲ್ಲಪ್ಪ ತಲೆಯ ಟವಲು ತೆಗೆದು ಸೊಂಟಕ್ಕೆ ಕಟ್ಟಿ, ಮೊಣಕಾಲೂರಿ ಕೂತು ಕೇಳಿದ, "ಬೀರಣ್ಣ, ನೀನೇ ಏನಪ್ಪ? ನಾನು ಪುಟ್ಟಮಲ್ಲ ಕಣೋ."

ಭಾವ ಏನೋ ಅಂದ. ಯಾರಿಗೂ ತಿಳಿಯಲಿಲ್ಲ. ಪಕ್ಕದಲ್ಲೇ ಇದ್ದವನು ನಾನು. ಎಲ್ಲರೂ ನನ್ನ ಮುಖ ನೋಡಿದರು.

"ಊಂ ಅಂತಾವ್ನೆ" ಅಂದೆ. "ಎಣ್ಣೆ ಸಾಲ್ದು ಅಂತಾವ್ನೆ."

ಮೂರನೇ ಗ್ಲಾಸು ಕುಡಿಸಿದ್ದು ಆವಾಗ. ಅರ್ಧ ಬಾಯಿಗೆ, ಅರ್ಧ ಎದೆ ಮೇಲೆ. ಭಾವ ನಡುಗುವ ಕೈ ಎತ್ತಿ ಗೋಡೆಯ ಗೂಟದ ಕಡೆ ತೋರಿಸಿದ.

"ನನ್ನ ಕಂಬ್ಳಿ ಎಲ್ಲಿ ಅಂತ ಕೇಳ್ತಾವ್ನೆ!" ಅಂದೆ. ಪುಟ್ಟಮಲ್ಲಪ್ಪ ಗಳಗಳ ಅತ್ತುಬಿಟ್ಟ. ಆ ಮುದುಕನಿಗೆ ಕಂಬಳಿ ಅಂದರೆ ಪ್ರಾಣ, ನಿಜ ಕಣಪ್ಪ, ಅವನೇ ಬಂದಿರೋದು ಅಂದ. ಅಲ್ಲಿಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಭಾವ ಅಲ್ಲೇ ಒರಗಿದ. ಬೀರಯ್ಯ ಹೊರಟ ಅಂತ ನಾನು ಅಂದೆ. ಮೇಲೆ ಒಂದು ದುಪ್ಪಟಿ ಹೊದಿಸಿದೆ. ಅಕ್ಕ ಹಿತ್ತಲಿಂದ ಎಲೆ ಹಿಡಿದುಕೊಂಡು ಬಂದವಳು, "ಇವ್ರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಎಬ್ಬುಸ್ರೋ" ಅಂದಳು.

"ಮಲಗಿರ್ಲಿ ಬುಡಕ್ಕ. ಮೈಮೇಲೆ ಬಂದು ಹೋದ್ರೆ ಹಂಗೇಯ. ಆಯಾಸ ಆಗಿರ್ತದೆ."

ಅಕ್ಕ ನಂಬಿದಳು. ನಾವು ಉಂಡೆವು. ನಾನು ಎರಡು ಮುದ್ದೆ ಮುರಿದೆ. ಪಕ್ಕದಲ್ಲಿ ಭಾವ ಗೊರಕೆ ಹೊಡೆಯುತ್ತಿದ್ದ. ಆ ಗೊರಕೆ ಗೊರಕೆಯಲ್ಲ ಅಂತ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಅವನನ್ನು ಅಲ್ಲಾಡಿಸಿದಳು. ಮೈ ತಣ್ಣಗೆ, ಒದ್ದೆ. ಬಾಯಿ ಪಕ್ಕದಲ್ಲಿ ನೊರೆ. ಅಕ್ಕ ಕೂಗಿದ ಕೂಗು ಆಲೆಮನೆಯ ತನಕ ಕೇಳಿರಬೇಕು, ಅಲ್ಲಿ ಗಾಣಕ್ಕೆ ಕಬ್ಬು ಕೊಡುವ ಸಿದ್ದ ಓಡಿ ಬಂದ. ಇದ್ದವರಲ್ಲಿ ಕುಡಿಯದೇ ಇದ್ದವನು ಅವನೊಬ್ಬನೇ. ನನ್ನ ಆಟೊವನ್ನು ಅವನೇ ಓಡಿಸಿದ. ಹಿಂದೆ, ಹೊಗೆಸೊಪ್ಪು ತುಂಬುವ ಜಾಗದಲ್ಲಿ, ಭಾವನ ತಲೆ ಅಕ್ಕನ ತೊಡೆಯ ಮೇಲೆ. ನಾನು ಕಾಲು ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚಿ ಸಣ್ಣ ಮೆಷಿನ್ನಿಗೆ ರಕ್ತ ಹಾಕಿ ನೋಡಿದ ನರ್ಸಮ್ಮ ಓಡಿದಳು. ಸಕ್ಕರೆ ಇಪ್ಪತ್ತೊಂದಕ್ಕೆ ಇಳಿದಿತ್ತು. ಕೈಗೆ ಸೂಜಿ ಹಾಕಿ ಗ್ಲೂಕೋಸು ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನನ್ನು ಪಕ್ಕಕ್ಕೆ ಕರೆದರು.

"ಮಾತ್ರೆ ತಗೊಂಡಿದ್ರಾ?"

"ಊಂ."

"ಊಟ?"

"ಹಬ್ಬ ಸಾರ್. ಉಪವಾಸ."

"ಅದರ ಮೇಲೆ ಕುಡಿದಿದ್ದಾರೆ. ವಾಸನೆ ಬರ್ತಾ ಇದೆ. ಈ ಮಾತ್ರೆ ಸಕ್ಕರೆ ಇಳಿಸ್ತಾ ಹೋಗುತ್ತೆ ಕಣ್ರೀ. ಹೊಟ್ಟೇಲಿ ಊಟ ಇಲ್ಲ. ಸಕ್ಕರೆ ಕಮ್ಮಿ ಆದಾಗ ಲಿವರ್ರು ಒಂದಿಷ್ಟು ಬಿಡ್ತಾ ಕಾಪಾಡ್ತದೆ, ಎಣ್ಣೆ ಅದರ ಕೈನೂ ಕಟ್ಟಿಹಾಕ್ತದೆ. ಬೆವರ್ತಾರೆ, ನಡುಗ್ತಾರೆ, ತೊದಲ್ತಾರೆ. ನೋಡಿದವರು ಕುಡಿದು ಟೈಟಾಗಿದ್ದಾನೆ ಅಂತ ಮಲಗಿಸಿಬಿಡ್ತಾರೆ. ಆವಾಗ ಒಂದು ಚೂರು ಸಿಹಿ ಬಾಯಿಗೆ ಹಾಕಿ, ಸೀದಾ ಕರ್ಕೊಂಡು ಬಂದಿದ್ರೆ..." ಮಾತು ನಿಲ್ಲಿಸಿ ಕೇಳಿದರು, "ಮಲಗೋಕೆ ಮುಂಚೆ ಏನಾದ್ರೂ ಹೇಳಿದ್ರಾ? ಏನಾದ್ರೂ ಕೇಳಿದ್ರಾ?"

"ಇಲ್ಲ ಸಾರ್" ಅಂದೆ.

ಅಲ್ಲಿಂದ ಮೈಸೂರಿಗೆ ಕಳಿಸಿದರು. ಸಕ್ಕರೆ ಮೇಲೆ ಬಂತು, ಭಾವ ಬರಲಿಲ್ಲ. ಅಷ್ಟು ಹೊತ್ತು ಸಕ್ಕರೆ ಇಲ್ಲದೆ ಮೆದುಳು ಸೋತುಹೋಗಿದೆ ಅಂದರು. ಆರನೇ ದಿನ ತೀರಿಕೊಂಡ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು, ಅವತ್ತು ಏನಾಯ್ತು ಸ್ವಾಮಿ ಅಂತ ಕೇಳಿದರು. ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ದೊಡ್ಡಬೀರಯ್ಯ ದೊಡ್ಡವನಾದ, ಭಾವ ಸಣ್ಣವನಾದ. ಮುಂದಿನ ಸಲ ಹೇಳುವಾಗ ಮುದುಕ ಉಪ್ಪಿನಕಾಯಿ ಕೇಳಿದ. ಅದರ ಮುಂದಿನ ಸಲ ನೀರು ಜಾಸ್ತಿ ಅಂತ ಬೈದ. ಕತೆ ನಡೆಯುತ್ತಿರುವ ತನಕ ಯಾರೂ ಬೇರೆ ಏನನ್ನೂ ಕೇಳುವುದಿಲ್ಲ. ಅದೊಂದು ಅನುಕೂಲ.

ಈ ವರ್ಷ ಮತ್ತೆ ಪಕ್ಷದ ಹಬ್ಬ ಬಂತು. ವರ್ಷದ ಕಾರ್ಯವನ್ನು ಹಬ್ಬಕ್ಕೆ ಮುಂಚೆಯೇ ಮುಗಿಸಿ, ಭಾವನನ್ನೂ ಎಡೆಗೆ ಸೇರಿಸಿಕೊಂಡಿದ್ದರು. ಈಗ ಎಲೆ ಎರಡು. ಒಂದು ಅಪ್ಪನದು, ಒಂದು ಮಗನದು. ಹಿಂದಿನ ದಿನ ಅಕ್ಕ ಫೋನು ಮಾಡಿದಳು.

"ಲೋ ಸ್ವಾಮಿ, ಮೊದಲ್ನೇ ಎಡೆ. ಕೊನೇಲಿ ಬಾಯಿಬುಟ್ಟು ಕೇಳಿದ್ದನ್ನ ಇಡ್ದೆ ಹೋದ್ರೆ ತೃಪ್ತಿ ಆಗಲ್ವಂತೆ."

"ಊಂ."

"ನೀನು ಎಣ್ಣೆ ಅಂತ ಏಳ್ತೀಯ. ಆ ಬಾಟ್ಲಿನ ಈ ಮನೆ ಒಸ್ಲು ದಾಟುಸ್ಬಾರ್ದು ಅನ್ಕೊಂಡಿದ್ದೆ ಕಣೋ. ಏನ್ ಮಾಡ್ಲಿ, ಅವ್ರು ಕೇಳವ್ರಲ್ಲ. ನೀನೇ ತಗಬಾ."

ಬೇಡ ಕಣಕ್ಕ ಅನ್ನಬೇಕಾಗಿತ್ತು. ಆಗಲಿ ಅಂದೆ. ಕ್ವಾರ್ಟರ್ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟುಕೊಂಡು ಹೋದೆ. ಹನ್ನೊಂದು ಗಂಟೆಗೇ ಹೋದೆ.

ಪವಿತ್ರಾ ರಜ ಹಾಕಿ ಬಂದಿದ್ದಳು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷ ಹಬ್ಬದ ದಿನ ಡ್ಯೂಟಿ ಇದ್ದದ್ದರಿಂದ ಬಂದಿರಲಿಲ್ಲ. ನಡುಮನೆಯಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು. ಗೋಡೆಯ ಗೂಟದಲ್ಲಿ ಭಾವನ ನೀಲಿ ಗೀಟಿನ ಅಂಗಿ ಹಾಗೇ ಇತ್ತು, ಹೋದ ವರ್ಷ ಬಿಚ್ಚಿ ಹಾಕಿದ್ದು. ಅಕ್ಕ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ. ಹೆಗಲ ಮೇಲೆ ಧೂಳು ಕೂತಿತ್ತು.

ಪುಟ್ಟಮಲ್ಲಪ್ಪ ಬಂದು ಕೂತವನು, ನನ್ನನ್ನು ನೋಡಿ ಮೆಲ್ಲಗೆ ಅಂದ, "ಬೀರಣ್ಣ ಈ ಸಲಾನೂ ಬತ್ತಾನೇನ್ಲಾ? ಅವತ್ತಿಂದು ಒಂದ್ಸಲ ಹೇಳು. ಈ ಮಗು ಇರ್ಲಿಲ್ಲ."

ನಾನು ಹೇಳಬಾರದಾಗಿತ್ತು. ಆದರೆ ನನ್ನ ಬಾಯಿ ನಿಮಗೆ ಗೊತ್ತಾಯಿತಲ್ಲ. ಶುರು ಮಾಡಿದೆ. ಬೆವರು, ನಡುಕ, ಕರ್ಪೂರ, ಮೊದಲ ಗ್ಲಾಸು, ಎರಡನೇ ಗ್ಲಾಸು, ಉಪ್ಪಿನಕಾಯಿ. ಪವಿತ್ರಾ ತಲೆಯೆತ್ತದೆ ಎಲೆ ಒರೆಸುತ್ತಲೇ ಇದ್ದಳು. ಕಂಬಳಿ ತೋರಿಸಿದ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು.

"ಮಾವ, ತಾತ ಯಾವ ಕಡೆ ಕೈ ತೋರಿಸ್ತು ಅಂದ್ರಿ?"

ಅಂದ್ರಿ ಅಂತ, ಬಹುವಚನದಲ್ಲಿ. ಹುಟ್ಟಿದಾಗಿನಿಂದ ನನ್ನನ್ನು 'ನೀನು' ಅಂದವಳು ಅವಳು.

"ಅಗೋ, ಆ ಗೂಟದ ಕಡೆ ಕಣವ್ವ. ನನ್ನ ಕಂಬ್ಳಿ ಅಂತ..."

"ಆ ಗೂಟದಲ್ಲಿ ಕಂಬಳಿ ಎಲ್ಲಿತ್ತು?"

"ಅದೇ... ಮುದುಕನ ಕಂಬ್ಳಿ..."

"ತಾತನ ಕಂಬಳಿ ತಾತನನ್ನು ಹೂತ ಗುಂಡಿಯಲ್ಲಿದೆ. ನೀವೇ ಹಾಸಿದ್ದು. 'ನಾನೇ ಗುಂಡಿಗೆ ಇಳಿದು ಹಾಸಿದೆ, ಕಂಬಳಿ ಬಿಸಿಯಾಗಿತ್ತು, ಮುದುಕ ಥ್ಯಾಂಕ್ಸ್ ಅಂದ' ಅಂತ ನೀವೇ ಎಷ್ಟು ಸಲ ಹೇಳಿದ್ದೀರ."

ಪುಟ್ಟಮಲ್ಲಪ್ಪ ನನ್ನ ಮುಖ ನೋಡಿದ. ಕಂಬಳಿಯ ಒಂದು ತುದಿ ಹಿಡಿದಿದ್ದವನು ಅವನೇ. ವರ್ಷದ ಕೆಳಗೆ ಅತ್ತವನು ಈಗ ಅಳಲಿಲ್ಲ. "ಔದಲ್ಲವ್ವ" ಅಂದ ಅಷ್ಟೇ.

ಇಷ್ಟು ದಿನ ನಾನು ಈ ಕತೆಗೆ ಏನೇನು ಸೇರಿಸಿದೆ, ಏನೇನು ಬದಲಾಯಿಸಿದೆ. ಗೂಟವನ್ನು ಮಾತ್ರ ಒಂದು ಸಲವೂ ಬದಲಾಯಿಸಲಿಲ್ಲ. ಯಾಕೋ ಗೊತ್ತಿಲ್ಲ. ಹೇಳುವಾಗಲೆಲ್ಲ ಆ ಕೈ ಕಣ್ಣ ಮುಂದೆ ಬರುತ್ತಿತ್ತು, ಅದು ಎತ್ತ ತೋರಿಸುತ್ತಿತ್ತೋ ಅತ್ತಲೇ ಹೇಳುತ್ತಿದ್ದೆ.

ಪವಿತ್ರಾ ಎದ್ದು ಹೋಗಿ ಗೂಟದಿಂದ ಅಂಗಿ ತೆಗೆದಳು. ಅಷ್ಟು ಹೊತ್ತಿಗೆ ಅಕ್ಕ ಅಡಿಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು, ಕೈಯೆಲ್ಲ ಹಿಟ್ಟು. ಮಗಳು ಅಂಗಿ ಮುಟ್ಟಿದ್ದಕ್ಕೆ ಏನೂ ಅನ್ನಲಿಲ್ಲ. ಪವಿತ್ರಾ ಜೇಬಿಗೆ ಬೆರಳು ಹಾಕಿದಳು. ಪೊಟ್ಟಣ ಸುಲಭವಾಗಿ ಬರಲಿಲ್ಲ. ಮಳೆಗಾಲದ ತೇವಕ್ಕೆ ಬೆಲ್ಲ ಕರಗಿ, ಕಾಗದ ನೆಂದು, ಜೇಬಿಗೆ ಅಂಟಿಕೊಂಡು ಕಪ್ಪಗೆ ಗಟ್ಟಿಯಾಗಿತ್ತು. ಇರುವೆ ತಿಂದು ಬಿಟ್ಟ ತೂತುಗಳಿದ್ದವು. ಎಳೆದಾಗ ಜೇಬಿನ ಹೊಲಿಗೆಯೂ ಕಿತ್ತು ಬಂತು.

"ಇದನ್ನ ಇಟ್ಕೊಳ್ಳೋಕೆ ಅಪ್ಪನಿಗೆ ಹೇಳಿದ್ದು ನಾನು" ಅಂದಳು. "ಬೆವರು ಬಂದು ಕೈ ನಡುಗಿದ್ರೆ ತಕ್ಷಣ ಬಾಯಿಗೆ ಹಾಕ್ಕೋ ಅಂತ. ಇದು ಏನು ಅಂತ ನಿಮಗೆ ಗೊತ್ತಿತ್ತಾ ಮಾವ?"

ಗೊತ್ತಿರಲಿಲ್ಲ ಅನ್ನಲು ಬಾಯಿ ತೆಗೆದೆ. ಆಲೆಮನೆಯ ಮುಂದೆ ಭಾವ ನನಗೆ ಅದನ್ನು ಬಿಚ್ಚಿ ತೋರಿಸಿದ್ದ. 'ಇದು ನನ್ನ ಪ್ರಾಣ ಕಣ್ಲಾ' ಅಂದಿದ್ದ. 'ಬೆಲ್ಲದ ಬೆಟ್ಟದಲ್ಲಿ ನಿಂತು ಇಷ್ಟೇ ಇಷ್ಟನ್ನ ಕಳ್ಳನಂಗೆ ಜೇಬಲ್ಲಿ ಇಟ್ಕೊಂಡಿದ್ದೀಯಲ್ಲ ಭಾವ' ಅಂತ ನಾನು ನಕ್ಕಿದ್ದೆ.

"ಗೊತ್ತಿತ್ತು" ಅಂದೆ.

ಒಲೆಯ ಮೇಲೆ ಏನೋ ಉಕ್ಕಿ ಸುಯ್ ಅಂದಿತು, ಅದನ್ನು ಇಳಿಸಲು ಯಾರೂ ಹೋಗಲಿಲ್ಲ.

ಒಂದು ನಿಜ ಬಾಯಿಂದ ಕಿತ್ತು ಬಂದ ಮೇಲೆ ಉಳಿದದ್ದೂ ಬಂತು. ಟೈರು ಪಂಕ್ಚರ್ ಆಗಿರಲಿಲ್ಲ, ಒಂದೂ ಆಗಿರಲಿಲ್ಲ. ಟೀ ಅಂಗಡಿಯಲ್ಲಿ ಆನೆಯ ಕತೆ ಹೇಳುತ್ತಾ ಕೂತಿದ್ದೆ, ಅದಕ್ಕೇ ತಡ. ಆನೆಯೂ ಇಲ್ಲ. ದೂರದಲ್ಲಿ ಲದ್ದಿ ನೋಡಿ ಆಟೊ ತಿರುಗಿಸಿಕೊಂಡು ಓಡಿ ಬಂದವನು ನಾನು. ಬ್ರಾಂದಿಯಲ್ಲಿ ಬಿಪಿ ಮಾತ್ರೆ ನುಂಗಿದ್ದು ಒಂದೇ ಸಲ. ಅವತ್ತು ಕಣ್ಣು ಕತ್ತಲೆ ಬಂದು ಚರಂಡಿ ಪಕ್ಕ ಬಿದ್ದಿದ್ದೆ, ಅಂಗಡಿಯವರು ಎತ್ತಿ ಕೂರಿಸಿದ್ದರು. ಆವತ್ತಿಂದ ನೀರಿನಲ್ಲೇ ನುಂಗುತ್ತೇನೆ, ಮಾತ್ರೆ ನುಂಗಿದ ದಿನ ಕುಡಿಯಲು ಹೆದರುತ್ತೇನೆ. ಹೋದ ವರ್ಷದ ಹಬ್ಬದ ದಿನ ಕುಡಿಯಬೇಕು ಅಂತಲೇ ನಾನು ಮಾತ್ರೆ ನುಂಗಿರಲಿಲ್ಲ. ನುಂಗಿವ್ನಿ ಅಂತ ಭಾವನಿಗೆ ಸುಳ್ಳು ಹೇಳಿದ್ದೆ.

ಇಷ್ಟನ್ನೂ ಹೇಳಿದೆ. ಪವಿತ್ರಾ ಕೇಳುತ್ತಿದ್ದಳು, ಆದರೆ ಅವಳಿಗೆ ಬೇಕಾಗಿದ್ದದ್ದು ಇದಲ್ಲ. ಅಕ್ಕನಿಗೂ ಅಲ್ಲ. ಅಕ್ಕ ಬಾಗಿಲು ಬಿಟ್ಟು ನನ್ನ ಮುಂದೆ ಬಂದು ಕೂತಳು. ಸುತ್ತಿದ ಪೇಪರಿನಿಂದ ಬಾಟಲಿಯ ಮುಚ್ಚಳ ಹೊರಗೆ ಕಾಣುತ್ತಿತ್ತು. ಅದನ್ನು ಅವಳು ನೋಡಲಿಲ್ಲ.

"ಸ್ವಾಮಿ" ಅಂದಳು. "ಎಣ್ಣೆ ಕೇಳುದ್ರಾ?"

ಒಂದು ವರ್ಷ ಕೇಳಿದ ಪ್ರಶ್ನೆ. ಅದೇ ಧ್ವನಿ.

"ಇಲ್ಲಕ್ಕ."

"ಮತ್ತೇನು ಕೇಳುದ್ರು?"

"ಬೆಲ್ಲ."

"ನಿಂಗೆ ಕೇಳುಸ್ತಾ? ಸರ್ಯಾಗಿ?"

"ಕೇಳುಸ್ತಕ್ಕ. ನಾಲ್ಗೆ ತೊದಲ್ತಿತ್ತು, ಬೇರೆಯವ್ರಿಗೆ ತಿಳೀಲಿಲ್ಲ. ನಂಗೆ ತಿಳೀತು. ಅಂಗೀಲಿ ಬೆಲ್ಲ ಅದೆ ಕೊಡು ಅಂದ. ಎಲ್ರೂ ನನ್ ಮುಖ ನೋಡ್ತಿದ್ರು. ಪುಟ್ಟಮಲ್ಲಣ್ಣ ಕೈ ಮುಗ್ಕೊಂಡು ಕೂತಿದ್ದ. ಬೆಲ್ಲ ಅಂದ್ಬುಟ್ರೆ... ಬೀರಯ್ಯ ಬಂದಿದ್ದು ಸುಳ್ಳಾಗೋಯ್ತದೆ ಅಂತ..." ಆಮೇಲೆ ಅಂದೆ, "ಕುಡ್ದವ್ನೆ, ಮಲಗಿ ಎದ್ರೆ ಸರ್ಯಾಯ್ತಾನೆ ಅನ್ಕೊಂಡೆ ಕಣಕ್ಕ. ಸಾಯ್ತಾನೆ ಅನ್ಕೊಳ್ಲಿಲ್ಲ. ಆಸ್ಪತ್ರೇಲಿ ಡಾಕ್ಟ್ರು ಕೇಳ್ದಾಗ್ಲೇ ತಿಳೀತು."

ಅಕ್ಕ ಅಳಲಿಲ್ಲ, ಹೊಡೆಯಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಪವಿತ್ರಾ ಅಂಗಿಯಿಂದ ಕಿತ್ತ ಆ ಕಪ್ಪು ಗಂಟನ್ನು ಅಪ್ಪನ ಎಲೆಯ ನಡುವೆ ಇಟ್ಟಳು. ಎಲೆಯ ಮೇಲೆ ಇನ್ನೂ ಬೇರೇನೂ ಬಡಿಸಿರಲಿಲ್ಲ.

"ಎಷ್ಟು ಸಲ ಕೇಳುದ್ರು?" ಅಂದಳು ಅಕ್ಕ.

ಹುಟ್ಟಿದಾಗಿನಿಂದ ಒಂದನ್ನು ಹತ್ತು ಮಾಡಿದವನು ನಾನು. ಜೀವಮಾನದಲ್ಲಿ ಮೊದಲ ಸಲ ಕಮ್ಮಿ ಹೇಳಲು ಹೊರಟೆ.

"ಒಂದ್ಸಲ" ಅಂದೆ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು.

"ನಾಕು ಸಲ ಕಣಕ್ಕ" ಅಂದೆ. "ನಾಕ್ನೇ ಸಲ ನನ್ ಹೆಸ್ರು ಹಿಡ್ದು ಕೇಳ್ದ. ಬೆಲ್ಲ ಕೊಡು ಕಣ್ಲಾ ಸ್ವಾಮಿ ಅಂದ. ನಾನು ಗ್ಲಾಸು ಬಾಯಿಗಿಟ್ಟೆ."